ಒಂದು ಪ್ಯಾಸೇಜಿಗೆ ಹದಿಮೂರು ನಿಮಿಷ

ಮಂಗಳವಾರ, ಗುರುವಾರ, ಸಂಜೆ ಆರಕ್ಕೆ
ಲೋವೆಲ್ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ಪದ ಹಂಚುತ್ತೇನೆ, ರೇಷನ್ ಅಂಗಡಿಯವಳ ಹಾಗೆ:
ತಲೆಗೆ ಹತ್ತು. ಚೀಟಿಯ ಒಂದು ಬದಿಗೆ ಪದ,
ಇನ್ನೊಂದು ಬದಿಗೆ ಅರ್ಥ, ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರದಲ್ಲಿ.
ಹೀಟರು ಕೆಮ್ಮುತ್ತದೆ. ಮೇಲೆ ಯಾರೋ ಕುರ್ಚಿ ಎಳೆಯುತ್ತಾರೆ.

ಪರೀಕ್ಷೆಯವರು ಹೇಳುತ್ತಾರೆ: ಇತಿಹಾಸ ಗೊತ್ತಿರಬೇಕಿಲ್ಲ,
ಉತ್ತರವೆಲ್ಲ ಪ್ಯಾಸೇಜಿನ ಒಳಗೇ ಇದೆ.
ಹೌದು, ಬಾವಿಯ ಒಳಗೇ ನೀರೂ ಇದೆ;
ಹಗ್ಗದ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

‘ಸಫ್ರೇಜ್’ ಅಂದೆ. ವಿಸಾಲ್ ಕೈ ಎತ್ತಿದ:
“ಸಫರ್ ಆಗೋದು, ಮಿಸ್. ನರಳೋದು.”
ತಪ್ಪು. ನಾಲ್ಕು ಆಯ್ಕೆಯಲ್ಲಿ ಅದೇ ಮೊದಲನೆಯದು,
ಹಾಗೆ ಕೇಳಿಸುವವರಿಗಾಗಿಯೇ ಇಟ್ಟ ಬೋನು.
ಮತ ಹಾಕುವ ಹಕ್ಕು, ಎಂದು ಬಿಡಿಸಿ ಹೇಳುವಾಗ ನನ್ನೊಳಗೆ
ಮತ ಎಂಬ ಎರಡಕ್ಷರ ಮಗ್ಗುಲು ಬದಲಿಸಿತು.
ಅಭಿಪ್ರಾಯವೂ ಅದೇ, ಧರ್ಮವೂ ಅದೇ,
ಪೆಟ್ಟಿಗೆಗೆ ಬೀಳುವ ಚೀಟಿಯೂ ಅದೇ;
ಮೂರನ್ನೂ ಒಂದೇ ಚೀಲಕ್ಕೆ ತುರುಕಿ ಹೊತ್ತು
ಯಾವುದು ಯಾವುದರ ಮೇಲೆ ಕೂತಿದೆಯೆಂದು
ಇಳಿಸಿ ನೋಡದ ಜನ ನಾವು.

ವಿಸಾಲ್, ನಮ್ಮ ವಿಶಾಲನೇ. ಯಾವ ಕಾಲದ್ದೋ ಹಡಗು ಹತ್ತಿ
ಕಾಂಬೋಡಿಯಾ ಮುಟ್ಟುವಷ್ಟರಲ್ಲಿ ಶಕಾರ ತೊಯ್ದು ಸಕಾರವಾದದ್ದು.
ಅವನಜ್ಜಿ ರಾತ್ರಿ ಗಡಿ ದಾಟಿದ ಕಥೆ
ಯಾವ ಪ್ಯಾಸೇಜಿನಲ್ಲೂ ಬರುವುದಿಲ್ಲ.
ಬಂದರೆ, ಲೇಖಕಿಯ ಧೋರಣೆ ಏನು ಎಂದು ಕೇಳುತ್ತಾರೆ:
ವಿಷಾದವೋ, ಸಂಯಮವೋ, ಎಚ್ಚರದ ಆಶಾವಾದವೋ.

ಎಡವಿದ್ದು ಅವನೊಬ್ಬನೇ ಅಲ್ಲ. ಚಿಂತಾಮಣಿಯಲ್ಲಿ, ಆರನೇ ಕ್ಲಾಸಿನಲ್ಲಿ,
‘ಅಮೆರಿಕದ ಸಂಯುಕ್ತ ಸಂಸ್ಥಾನ’ ಎಂದು ಓದಿ,
ಸಂಸ್ಥಾನವಿದ್ದ ಮೇಲೆ ರಾಜರೂ ಇರಲೇಬೇಕಲ್ಲ ಎಂದು
ಐವತ್ತು ಪೇಟ, ಐವತ್ತು ಆನೆ, ಐವತ್ತು ಅಂಬಾರಿ ಲೆಕ್ಕ ಹಾಕಿದ್ದೆ.
ನಕ್ಷೆಯಲ್ಲಿ ಒಹಾಯೋ ಮಹಾರಾಜನಿಗೆ ಮೀಸೆ ಬರೆದು
ಬೆರಳ ಗೆಣ್ಣಿಗೆ ಏಟು ತಿಂದಿದ್ದೆ.
ಅದೇ ಈಗ ಕೈಹಿಡಿಯುತ್ತದೆ, ‘ಸಿಸೆಷನ್’ ಬಂದಾಗ:
ಹನ್ನೊಂದು ಸಂಸ್ಥಾನ, ಪಾಲು ಕೇಳಿ ಮನೆ ಬಿಟ್ಟದ್ದು.
“ಯಾವ ಪಾಲು?” ಎನ್ನುತ್ತಾಳೆ ಇಮಾನಿ.
ಹೇಳಿದೆ. ಆಸ್ತಿ ಪಟ್ಟಿಯಲ್ಲಿ ಹಸು, ನೇಗಿಲು, ಹಂಡೆ,
ಆಮೇಲೆ, ವಯಸ್ಸಿನ ಪ್ರಕಾರ, ಮನುಷ್ಯರು.
ಅವಳು ಬರೆದುಕೊಳ್ಳಲಿಲ್ಲ.

ಈ ವಾರ ತಾನೇ ಒಂದು ಚೀಟಿ ಬರೆದು ತಂದಿದ್ದಾಳೆ.
ಲೋವೆಲ್, ಎಂದಿದೆ.
“ಇದು ಊರ ಹೆಸರು ಕಣೇ, ಪರೀಕ್ಷೆಗೆ ಬರೋದಿಲ್ಲ.”
“ತಿರುಗಿಸಿ ನೋಡಿ, ಮಿಸ್.”
ಹಿಂಬದಿಗೆ, ಗುಂಡಗಿನ ಅಕ್ಷರದಲ್ಲಿ:
ಒರಟು ಹತ್ತಿಬಟ್ಟೆ. ಗುಲಾಮರಿಗೆ, ವರ್ಷಕ್ಕಿಷ್ಟು ಗಜ.
ಹತ್ತಿ ಬಿಡಿಸಿದವರು ಅವರೇ;
ಇದೇ ಊರಿನ ಕಾಲುವೆಯ ನೀರು ತಿರುಗಿಸಿದ ಮಗ್ಗದಲ್ಲಿ
ಹಳ್ಳಿಯಿಂದ ಬಂದ ಹುಡುಗಿಯರು ನೇಯ್ದು,
ಮರಳಿ ಅವರ ಬೆನ್ನಿಗೇ ಕಳಿಸಿದ್ದು.
“ನನ್ನ ಮುತ್ತಜ್ಜಿಯ ಮುತ್ತಜ್ಜಿ ಜಾರ್ಜಿಯಾ ಬಿಟ್ಟು ಕದಲಿದವಳಲ್ಲ.
ಆದರೂ ಈ ಊರು ಗೊತ್ತಿತ್ತು ಅವಳಿಗೆ,” ಅಂದಳು,
“ತೋಳಿಗೆ ಗೊತ್ತಿತ್ತು. ಕುತ್ತಿಗೆಗೆ.”

ಪ್ಯಾಸೇಜ್ ಅಂದರೆ ನಮ್ಮ ಮನೆಯಲ್ಲಿ
ಚಪ್ಪಲಿ ಬಿಡುವ, ಛತ್ರಿ ಒರಗಿಸುವ ಇಕ್ಕಟ್ಟು ಜಾಗ.
ಇಲ್ಲಿ ಎಂಬತ್ತು ಸಾಲು, ಹತ್ತು ಪ್ರಶ್ನೆ.
ಹಿಂದೆ ‘ಮಿಡ್ಲ್’ ಎಂದು ಸೇರಿಸಿದರೆ
ಹಡಗಿನ ಹೊಟ್ಟೆ, ಮಗ್ಗುಲಾಗಲೂ ಜಾಗವಿಲ್ಲದ ವಾರಗಳು.
ಇದನ್ನು ಯಾವ ಚೀಟಿಯಲ್ಲೂ ಬರೆದಿಲ್ಲ ನಾನು.
ಪಟ್ಟಿಯಲ್ಲಿ ಇರಲಿಲ್ಲ, ಅಂದುಕೊಂಡೆ. ಇತ್ತೋ ಏನೋ.

ಟೈಮರನ್ನು ಹದಿಮೂರಕ್ಕೆ ತಿರುಗಿಸಿದೆ.
ಇಬ್ಬರೂ ತಲೆ ತಗ್ಗಿಸಿದರು; ಪೆನ್ಸಿಲ್ ಎರಡು, ಸದ್ದು ಒಂದು.
ಅವಳ ಚೀಟಿ ಹಿಡಿದು ಕಟ್ಟಿನಲ್ಲಿ ಜಾಗ ಹುಡುಕಿದೆ.
ಎಲ್. ಲೆಜಿಸ್ಲೇಚರ್, ಲಿಬರ್ಟಿ...
ಲಿಬರ್ಟಿ ಆದಮೇಲೆ, ಲಾಯಲಿಸ್ಟ್‌ಗೆ ಮುಂಚೆ
ಬೆರಳು ಹೋಗುವಷ್ಟು ಸಂದು.

ಹೀಟರು ಮತ್ತೆ ಕೆಮ್ಮಿತು.
ನಾಲ್ಕು ನಿಮಿಷ ಇದೆ, ಅಂದೆ. ವಿಸಾಲ್, ಏಳನೇ ಪ್ರಶ್ನೆ
ಇನ್ನೊಂದು ಸಲ ಓದು.